ನಡೆದುಹೋಗುವವನ ದಾವೆ

ಯುಗಾದಿ ಹತ್ತಿರ ಬಂತೆಂದರೆ ಕೃಷ್ಣೆ, ಭೀಮೆಯ ಕಡೆಯ ಊರುಗಳಿಂದ ಮಲ್ಲಯ್ಯನ ಕಂಬಿ ಹೊತ್ತ ಜನ ಶ್ರೀಶೈಲದ ದಾರಿ ಹಿಡಿಯುತ್ತಾರೆ. ತುಂಗಭದ್ರೆ ದಾಟಿ, ಎಮ್ಮಿಗನೂರು, ಕರ್ನೂಲು, ಆತ್ಮಕೂರು ಎಂದು ಸಾಗಿ, ನಾಗಲೂಟಿಯ ಬಳಿ ನಲ್ಲಮಲ ಕಾಡು ಹೊಗುತ್ತಾರೆ. ಕಾಡಿನೊಳಗೆ ಅವರಿಗೆ ಕಲ್ಲುಮುಳ್ಳಿನ ಭಯ. ಅದಕ್ಕೂ ಮುಂಚಿನ ಡಾಂಬರು ರಸ್ತೆಯಲ್ಲಿ ಲಾರಿಯ ಭಯ. ಇತ್ತ ಆದವಾನಿ, ಕೌತಾಳ, ಕೋಸಿಗಿ ಸೀಮೆಯಲ್ಲಿ ಮಂತ್ರಾಲಯಕ್ಕೆ ಹರಕೆ ಹೊತ್ತು ನಡೆಯುವವರು ಬೇರೆ. ಹತ್ತಿ ಬಿಡಿಸಲು ಬೆಳಕು ಹರಿಯುವ ಮೊದಲೇ ಹೊಲದ ಹಾದಿ ಹಿಡಿಯುವ ಹೆಂಗಸರು, ಮಾರ್ಕೆಟ್ ಯಾರ್ಡಿಗೆ ಕಾಲ್ನಡಿಗೆಯಲ್ಲೇ ಬರುವ ಹಮಾಲರು, ಗಂಟುಮೂಟೆ ಹೊತ್ತು ಬಸ್‌ಸ್ಟ್ಯಾಂಡಿಗೋ ಸ್ಟೇಷನ್ನಿಗೋ ಹೊರಟ ಗುಳೆಯವರು ಮತ್ತೂ ಬೇರೆ. ಪಶ್ಚಿಮ ಕರ್ನೂಲಿನಲ್ಲಿ ರಸ್ತೆ ಎಂದರೆ ಇವತ್ತಿಗೂ ಅರ್ಧ ಕಾಲುದಾರಿಯೇ.

ಈ ಜನರಲ್ಲಿ ಒಬ್ಬರಿಗೆ ಗಾಡಿ ಬಡಿದು ಕಾಲು ಮುರಿದರೆ ಕಾನೂನು ಏನು ಕೊಡುತ್ತದೆ? ಈ ಪ್ರಶ್ನೆಗೆ ನೂರ ಎಪ್ಪತ್ತು ವರ್ಷಗಳ ಕತೆಯಿದೆ. ಆ ಅವಧಿಯಲ್ಲಿ ಆದವಾನಿಯವರು ನಡೆಯುವ ರಸ್ತೆ ಎಲ್ಲಿತ್ತೋ ಅಲ್ಲೇ ಇದೆ. ಅವರು ಹತ್ತಬೇಕಾದ ಕೋರ್ಟಿನ ಮೆಟ್ಟಿಲು ಮಾತ್ರ ಊರಿಂದ ಊರಿಗೆ ತಿರುಗಿದೆ.

1800ರಲ್ಲಿ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲದಲ್ಲಿ ಆದವಾನಿಯೂ ಇತ್ತು. ಮುಂದೆ ಅದು ಬಳ್ಳಾರಿ ಜಿಲ್ಲೆಯ ತಾಲ್ಲೂಕಾಯಿತು, ಮದ್ರಾಸ್ ಪ್ರಾಂತ್ಯಕ್ಕೆ ಸೇರಿತು. 1855ರಲ್ಲಿ ಕಂಪನಿ ಸರ್ಕಾರ ಮಾರಣಾಂತಿಕ ಅಪಘಾತಗಳ ಕಾಯ್ದೆ ತಂದಿತು. ಇಂಗ್ಲೆಂಡಿನಲ್ಲಿ 1846ರಲ್ಲಿ ಆದ ಕಾಯ್ದೆಯ ನಕಲು ಅದು. ಅದಕ್ಕೆ ಮೊದಲು ಇಂಗ್ಲಿಷ್ ಕಾನೂನಿನಲ್ಲೊಂದು ವಿಚಿತ್ರವಿತ್ತು. ಇನ್ನೊಬ್ಬನ ತಪ್ಪಿನಿಂದ ಗಾಯಗೊಂಡವನು ಬದುಕಿದರೆ ದಾವೆ ಹೂಡಬಹುದು. ಸತ್ತರೆ ದಾವೆಯೂ ಅವನ ಜೊತೆ ಸಾಯುತ್ತದೆ. ಕೊಲ್ಲುವುದು ಕಾಲು ಮುರಿಯುವುದಕ್ಕಿಂತ ಅಗ್ಗ ಎಂದಂತಾಯಿತು. 1855ರ ಕಾಯ್ದೆ ಸತ್ತವನ ಹೆಂಡತಿ, ಮಕ್ಕಳು, ತಂದೆತಾಯಿಗೆ ದಾವೆಯ ಹಕ್ಕು ಕೊಟ್ಟಿತು. ಬದುಕುಳಿದ ಗಾಯಾಳುವಿನ ಪಾಡು ಹಿಂದಿನಂತೆಯೇ ಉಳಿಯಿತು. ಸಿವಿಲ್ ಕೋರ್ಟಿಗೆ ಹೋಗಬೇಕು, ಕೇಳುವ ಮೊತ್ತಕ್ಕೆ ತಕ್ಕ ಕೋರ್ಟು ಶುಲ್ಕ ಕಟ್ಟಬೇಕು, ಗಾಡಿ ಹೊಡೆಯುವವನದೇ ಅಜಾಗರೂಕತೆ ಎಂದು ತಾನೇ ಸಾಬೀತು ಮಾಡಬೇಕು. ಪೆಟ್ಟು ಬಿದ್ದ ಕೂಡಲೇ ಜ್ಞಾನ ತಪ್ಪಿದವನು ಗಾಡಿ ಹೇಗೆ ಬಂತೆಂದು ಸಾಕ್ಷಿ ಹೇಳಬೇಕಿತ್ತು.

ಆಮೇಲೆ ಮೋಟಾರು ಬಂತು. 1896ರ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಬಳಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಹೆಂಗಸು ಮೋಟಾರಿಗೆ ಸಿಕ್ಕಿ ಸತ್ತಳು. ಬ್ರಿಟನ್ನಿನಲ್ಲಿ ಮೋಟಾರಿಗೆ ಬಲಿಯಾದ ಮೊದಲ ಪಾದಚಾರಿ ಅವಳು. ಇಂಥದ್ದು ಇನ್ನೊಮ್ಮೆ ಆಗದಿರಲಿ ಎಂದು ವಿಚಾರಣಾಧಿಕಾರಿ ಆಶಿಸಿದನಂತೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 32,825 ಜನ ನಡೆದುಹೋಗುತ್ತಿದ್ದವರು.

ಭಾರತದಲ್ಲಿ 1914ರ ಮೋಟಾರು ಕಾಯ್ದೆಗೆ ನಂಬರು, ಲೈಸೆನ್ಸುಗಳದ್ದೇ ಚಿಂತೆ. ಗುದ್ದಿಸಿಕೊಂಡವನ ಕಡೆ ಸರಿಯಾಗಿ ತಿರುಗಿ ನೋಡಿದ್ದು 1939ರ ಕಾಯ್ದೆ. ಅದರಲ್ಲಿದ್ದ ಕಡ್ಡಾಯ ವಿಮೆಯ ಅಧ್ಯಾಯ ಜಾರಿಗೆ ಬರುವಷ್ಟರಲ್ಲಿ ಒಂದು ಮಹಾಯುದ್ಧ ಮುಗಿದು 1946ರ ಜುಲೈ 1 ಆಗಿತ್ತು. ನನ್ನ ಮಟ್ಟಿಗೆ ಈ ಇಡೀ ಕತೆಯ ದೊಡ್ಡ ತಿರುವು ಇದೇ. ಅಲ್ಲಿಯವರೆಗೆ ಡಿಕ್ರಿ ಸಿಕ್ಕರೂ ವಸೂಲಿ ಯಾರಿಂದ? ಡ್ರೈವರನ ಹತ್ತಿರ ಕಾಸಿಲ್ಲ, ಮಾಲೀಕ ಕೈಗೆ ಸಿಗುವುದಿಲ್ಲ. ವಿಮೆ ಕಡ್ಡಾಯವಾದ ಮೇಲೆ ಹಣ ಕೊಡಬಲ್ಲ ಒಬ್ಬರು ಕಟಕಟೆಯಲ್ಲಿ ನಿಂತರು. ಇವತ್ತು ಎಲ್ಲರ ಬಾಯಲ್ಲಿರುವ ‘ಥರ್ಡ್ ಪಾರ್ಟಿ’ ಎಂಬ ಮಾತಿನ ಮೂಲವೂ ಅದೇ. ಪಾಲಿಸಿ ಮಾಡಿಸಿದವನು ಒಬ್ಬ, ವಿಮಾ ಕಂಪನಿ ಇನ್ನೊಬ್ಬ, ಆ ಕಾಗದದಲ್ಲಿ ಸಹಿಯೂ ಇಲ್ಲದ, ಅದನ್ನು ಕಣ್ಣಿಂದಲೂ ಕಾಣದ ದಾರಿಹೋಕ ಮೂರನೆಯವ. ಪಾಲಿಸಿಯನ್ನು ಕಾನೂನು ಕಡ್ಡಾಯ ಮಾಡಿದ್ದು ಆ ಮೂರನೆಯವನಿಗಾಗಿ.

1953ರ ಅಕ್ಟೋಬರ್ 1 ಕನ್ನಡಿಗರು ಮರೆಯದ ತಾರೀಕು. ಆಂಧ್ರ ರಾಜ್ಯ ಹುಟ್ಟಿತು, ಬಳ್ಳಾರಿ ಮೈಸೂರಿಗೆ ಬಂತು. ಆದವಾನಿ, ಆಲೂರು, ರಾಯದುರ್ಗ ಈ ಮೂರೂ ಆಂಧ್ರಕ್ಕೆ ಹೋದವು. ರಾಯದುರ್ಗ ಅನಂತಪುರಕ್ಕೆ ಸೇರಿತು, ಆದವಾನಿ ಮತ್ತು ಆಲೂರು ಕರ್ನೂಲಿಗೆ. ಏಕೀಕರಣದ ಚರಿತ್ರೆಯಲ್ಲಿ ಈ ಮೂರು ಹೆಸರು ಒಟ್ಟಿಗೇ ಬರುತ್ತವೆ, ಒಂದೇ ಉಸಿರಿನ ನಿಟ್ಟುಸಿರಿನಂತೆ. ಭಾಷೆಯ ನಷ್ಟ ನಾವು ಎಣಿಸಿದ್ದೇವೆ. ಕೋರ್ಟಿನ ಲೆಕ್ಕ ಯಾರೂ ಹಾಕಿದಂತಿಲ್ಲ. ಹತ್ತಿರದ ಬಳ್ಳಾರಿ ಹೋಗಿ ದೂರದ ಕರ್ನೂಲು ಜಿಲ್ಲಾ ಕೇಂದ್ರವಾಯಿತು. ಮೇಲ್ಮನವಿಗೆ ಮದ್ರಾಸಿನ ಬದಲು 1954ರಿಂದ ಗುಂಟೂರು, 1956ರಿಂದ ಹೈದರಾಬಾದು, 2019ರ ಜನವರಿ 1ರಿಂದ ಅಮರಾವತಿ. ಒಂದೇ ಊರಿನ ಒಂದೇ ರಸ್ತೆಗೆ ಒಬ್ಬ ಮನುಷ್ಯನ ಆಯುಷ್ಯದೊಳಗೆ ಹೈಕೋರ್ಟಿನ ನಾಲ್ಕು ಊರು. ಆದರೆ ಹತ್ತಿ ಗಾಡಿಗಳಾಗಲಿ, ಹೆಣ್ಣು ಕೊಟ್ಟು ತರುವ ಸಂಬಂಧಗಳಾಗಲಿ ಗಡಿಯ ಕಲ್ಲು ನೋಡಿ ನಿಲ್ಲಲಿಲ್ಲ. ಕೆಎ 34ರ ಬಳ್ಳಾರಿ ಲಾರಿ ಆದವಾನಿಯಲ್ಲೂ, ಎಪಿ 21ರ ಕರ್ನೂಲು ಜೀಪು ಸಿರುಗುಪ್ಪದಲ್ಲೂ ಓಡಾಡುತ್ತಲೇ ಇವೆ. ಗುದ್ದಿದ ಗಾಡಿ ಒಂದು ರಾಜ್ಯದ್ದು, ಗುದ್ದಿಸಿಕೊಂಡವನು ಇನ್ನೊಂದು ರಾಜ್ಯದವನು ಎನ್ನುವುದು ಇಲ್ಲಿ ಅಪರೂಪವೇನಲ್ಲ.

ರಾಜ್ಯಗಳು ಮರುವಿಂಗಡಣೆಯಾದ 1956ರಲ್ಲೇ ಸಂಸತ್ತು 1939ರ ಕಾಯ್ದೆಗೆ ತಿದ್ದುಪಡಿ ತಂದು ಅಪಘಾತ ಪರಿಹಾರಕ್ಕೆ ಪ್ರತ್ಯೇಕ ನ್ಯಾಯಮಂಡಳಿಯ ದಾರಿ ತೆರೆಯಿತು. ಸಿವಿಲ್ ದಾವೆಯ ಬದಲು ಒಂದು ಅರ್ಜಿ. ಈ ಬಾಗಿಲಿಗೆ ಒಂದು ಗಡಿಯಾರವನ್ನೂ ತೂಗುಹಾಕಿದರು. ಅಪಘಾತವಾದ 60 ದಿನಗಳೊಳಗೆ ಅರ್ಜಿ ಬರಬೇಕು. ಸಕಾರಣವಿದ್ದರೆ ತಡವನ್ನು ಮನ್ನಿಸಬಹುದು. ತೊಡೆಯ ಮೂಳೆ ಮುರಿದವನು ಮಂಚದಿಂದ ಏಳುವ ಹೊತ್ತಿಗೇ 60 ದಿನ ಮುಗಿದಿರುತ್ತದೆ. 1969ರ ತಿದ್ದುಪಡಿ ಅದನ್ನು ಆರು ತಿಂಗಳು ಮಾಡಿತು. ಈ ಗಡಿಯಾರ ನೆನಪಿರಲಿ, ಅದು ಮತ್ತೆ ಬರುತ್ತದೆ.

ತಪ್ಪು ಸಾಬೀತು ಮಾಡುವ ಹೊರೆ ಮಾತ್ರ ಇಳಿದಿರಲಿಲ್ಲ. ಅದನ್ನು ಇಳಿಸಲು ಮೊದಲು ಕೈಹಾಕಿದ ನ್ಯಾಯಾಲಯಗಳಲ್ಲಿ ಆದವಾನಿಯ ಅಂದಿನ ಹೈಕೋರ್ಟೂ ಒಂದು. 1976ರಲ್ಲಿ ವರದಿಯಾದ ತೀರ್ಪೊಂದರಲ್ಲಿ ಆಂಧ್ರಪ್ರದೇಶ ಹೈಕೋರ್ಟ್, ಚಾಲಕನ ಅಜಾಗರೂಕತೆ ರುಜುವಾಗದಿದ್ದರೂ ಪರಿಹಾರ ಸಿಗಬೇಕು, ಕಡ್ಡಾಯ ವಿಮೆಯ ಉದ್ದೇಶವೇ ಅದು ಎಂಬ ನಿಲುವು ತಳೆಯಿತು. ಧೈರ್ಯದ ಮಾತು, ಆದರೆ ಹೆಚ್ಚು ದಿನ ಬಾಳಲಿಲ್ಲ. 1977ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಮುಂಬೈಯ ಲಾರಿ ಅಪಘಾತವೊಂದರ ಮೊಕದ್ದಮೆಯಲ್ಲಿ, ತಪ್ಪಿಲ್ಲದೆ ಹೊಣೆಯಿಲ್ಲ ಎಂದು ಹೇಳಿ ಆಂಧ್ರದ ತೀರ್ಪನ್ನೂ ತಳ್ಳಿಹಾಕಿತು. ಕಾನೂನಿನ ಅಕ್ಷರಕ್ಕೆ ಸುಪ್ರೀಂ ಕೋರ್ಟ್ ಹೇಳಿದ್ದು ಸರಿಯಿರಬಹುದು. ನನಗೆ ಮಾತ್ರ ಇವತ್ತಿಗೂ ಹೈದರಾಬಾದಿನ ಪೀಠವೇ ರಸ್ತೆಯನ್ನು ಸರಿಯಾಗಿ ನೋಡಿತ್ತು ಅನ್ನಿಸುತ್ತದೆ.

ಎರಡು ವರ್ಷ ಕಳೆದು, 1979ರಲ್ಲಿ ಹರಿಯಾಣದಿಂದ ಒಂದು ಮೊಕದ್ದಮೆ ಬಂತು. ಅಪಘಾತದಲ್ಲಿ ಗಂಡ ಸತ್ತ ಹೆಂಗಸು ಕೋರ್ಟು ಶುಲ್ಕ ಕಟ್ಟಲಾರೆ, ನಿರ್ಗತಿಕಳೆಂದು ಪರಿಗಣಿಸಿ ಎಂದು ಕೇಳಿದ್ದಳು. ಅದನ್ನೂ ವಿರೋಧಿಸಿ ಒಂದು ರಾಜ್ಯ ಸರ್ಕಾರವೇ ದೆಹಲಿಯವರೆಗೆ ಹೋಗಿತ್ತು! ಬಡತನದ ಕಾರಣಕ್ಕೆ ಈ ಬಾಗಿಲು ಮುಚ್ಚಬಾರದು ಎಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡರು. ಕೊನೆಗೆ 1982ರಲ್ಲಿ ಸಂಸತ್ತು ಮಣಿಯಿತು. ತಪ್ಪು ಯಾರದೇ ಇರಲಿ, ಸಾವಿಗೆ 15,000 ರೂಪಾಯಿ, ಶಾಶ್ವತ ಊನಕ್ಕೆ 7,500. ಗುದ್ದಿ ಓಡಿಹೋದ ಗಾಡಿ ಪತ್ತೆಯಾಗದಿದ್ದರೆ ಸಾವಿಗೆ 5,000, ತೀವ್ರ ಗಾಯಕ್ಕೆ 1,000. ಸಣ್ಣ ಮೊತ್ತ, ನಿಜ. ಆದರೆ ಹೈದರಾಬಾದು ಹೇಳಿ ಬಿಟ್ಟದ್ದು ಕಾಯ್ದೆಯ ಪುಸ್ತಕ ಸೇರಿತು.

ಇಲ್ಲಿ ಒಬ್ಬ ಕನ್ನಡಿಗ ಬರುತ್ತಾರೆ. ಮಂಡ್ಯ ಜಿಲ್ಲೆಯ ಪಾಂಡವಪುರ ಸೀಮೆಯಲ್ಲಿ ಹುಟ್ಟಿದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ. ಗುಜರಾತಿನ ಸರ್ಕಾರಿ ಬಸ್ಸಿಗೆ ಬಲಿಯಾದ ಬಾಲಕನೊಬ್ಬನ ಅಣ್ಣ ಪರಿಹಾರ ಕೇಳಬಹುದೇ ಎಂಬುದು 1987ರಲ್ಲಿ ಅವರ ಮುಂದಿದ್ದ ಪ್ರಶ್ನೆ. ಕೇಳಬಹುದು ಎಂದಷ್ಟೇ ಹೇಳಿ ಮುಗಿಸಬಹುದಿತ್ತು. ಅವರು ಅಲ್ಲಿಗೆ ನಿಲ್ಲಲಿಲ್ಲ. ರಸ್ತೆಯ ಮೇಲೆ ನಡೆಯುವವನ ಬಗ್ಗೆ ಬರೆದರು: ಗಾಡಿಗಳು ಹೆಚ್ಚಿದಂತೆ ದಾರಿಹೋಕನ ಜೀವಕ್ಕೆ ಅಪಾಯ ಹೆಚ್ಚುತ್ತದೆ, ತನ್ನ ತಪ್ಪೇನೂ ಇಲ್ಲದೆ ಪೆಟ್ಟು ತಿಂದ ಪಾದಚಾರಿಗೆ ಚಾಲಕ ಅಜಾಗರೂಕನಾಗಿದ್ದನೋ ಇಲ್ಲವೋ ಎನ್ನದೆ ಪರಿಹಾರ ಸಿಗಬೇಕು, ಸಾಮಾಜಿಕ ನ್ಯಾಯ ಎಂಬುದಕ್ಕೆ ಅರ್ಥವಿದ್ದರೆ. ತೀರ್ಪಿನ ಸಾರ ಇಷ್ಟು. ಅದೇ ವರ್ಷ ಇನ್ನೊಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1982ರ ಮೊತ್ತಗಳನ್ನು ಏರಿಸಿ ಎಂದಿತ್ತು. 1988ರ ಹೊಸ ಮೋಟಾರು ವಾಹನ ಕಾಯ್ದೆಯ ಉದ್ದೇಶಗಳ ಹೇಳಿಕೆಯಲ್ಲೇ ಆ ಸಲಹೆಯ ಪ್ರಸ್ತಾಪವಿದೆ. ವೆಂಕಟರಾಮಯ್ಯನವರು 1989ರ ಜೂನ್ 19ರಂದು ಭಾರತದ ಮುಖ್ಯ ನ್ಯಾಯಮೂರ್ತಿಯಾದರು. ಹೊಸ ಕಾಯ್ದೆ ಜಾರಿಯಾದದ್ದು ಅದಾದ ಹನ್ನೆರಡನೆಯ ದಿನ, ಜುಲೈ 1ರಂದು.

ಆದವಾನಿ ಸೀಮೆಯ ಬಡವನಿಗೆ ಎಲ್ಲಕ್ಕಿಂತ ಹೆಚ್ಚು ಕೊಟ್ಟದ್ದು 1994ರ ತಿದ್ದುಪಡಿ. ಹೆಚ್ಚು ಸದ್ದು ಮಾಡದೆ ಬಂದದ್ದು ಅದು. ಎರಡು ಕೆಲಸ ಮಾಡಿತು. ಅರ್ಜಿಗಿದ್ದ ಕಾಲದ ಗಡುವನ್ನೇ ತೆಗೆದುಹಾಕಿತು. ಇನ್ನು ಅರ್ಜಿಯನ್ನು ಅಪಘಾತ ನಡೆದ ಊರಿನಲ್ಲೇ ಹಾಕಬೇಕೆಂದಿಲ್ಲ, ಗಾಯಗೊಂಡವನು ವಾಸವಿರುವ ಊರಿನ ನ್ಯಾಯಮಂಡಳಿಯಲ್ಲೂ ಹಾಕಬಹುದು ಎಂದಿತು. ಈ ಎರಡನೆಯದರ ಬೆಲೆ ಗೊತ್ತಾಗಬೇಕಾದರೆ ಗುಳೆ ಎಂದರೇನೆಂದು ತಿಳಿದಿರಬೇಕು. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳ, ಹೊಳಗುಂದದ ಹಳ್ಳಿಗಳಲ್ಲಿ ಮನೆಗೊಬ್ಬ ಮುದುಕಿಯನ್ನು ಉಳಿಸಿ ಉಳಿದವರೆಲ್ಲ ಹೊರಡುತ್ತಾರೆ. ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ, ಇಟ್ಟಿಗೆ, ಸಿಮೆಂಟು ಹೊರಲು ಬೆಂಗಳೂರಿಗೆ. ಅಲ್ಲಿಯ ತೆಲುಗಿನಲ್ಲಿ ಈ ಹೊರಡುವುದಕ್ಕೆ ‘ಸುಗ್ಗಿ’ ಎನ್ನುತ್ತಾರೆ. ನಮಗೆ ಸುಗ್ಗಿ ಎಂದರೆ ಮನೆಗೆ ಕಾಳು ಬರುವ ಕಾಲ, ಅವರಿಗೆ ಮನೆ ಬಿಡುವ ಕಾಲ. ಬೆಂಗಳೂರಿನ ಹೊರವರ್ತುಲ ರಸ್ತೆಯನ್ನು ಕತ್ತಲಲ್ಲಿ ದಾಟುವಾಗ ಕಾರು ಬಡಿದವನೊಬ್ಬನನ್ನು ಊಹಿಸಿಕೊಳ್ಳಿ. ಹಳೆಯ ನಿಯಮದಲ್ಲಿ ಅವನು ಪ್ರತಿ ವಾಯಿದೆಗೂ ಊರುಗೋಲು ಹಿಡಿದು ಬೆಂಗಳೂರಿಗೆ ಬರಬೇಕಿತ್ತು. 1994ರ ನಂತರ ಆದವಾನಿಯಲ್ಲೇ ಅರ್ಜಿ ಕೊಡಬಲ್ಲ. ಬಳ್ಳಾರಿಯಲ್ಲಿ ಪೆಟ್ಟು ತಿಂದ ಆಲೂರಿನವನಿಗೂ ಅಷ್ಟೇ. 1953ರಲ್ಲಿ ಎಳೆದ ಗೆರೆಯನ್ನು ಈ ಒಂದು ವಿಷಯದಲ್ಲಿ ಕಾನೂನು ಸದ್ದಿಲ್ಲದೆ ಅಳಿಸಿತು.

ಹಣದ ಲೆಕ್ಕಕ್ಕೆ ಬರೋಣ. ಸಾವಿನ ಪರಿಹಾರದ ಲೆಕ್ಕವನ್ನು 2009ರಲ್ಲೂ, ಗಾಯದ ಪರಿಹಾರದ ಲೆಕ್ಕವನ್ನು 2010ರ ಅಕ್ಟೋಬರ್‌ನಲ್ಲೂ ಒಂದು ಹದಕ್ಕೆ ತಂದವರು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಮೂಲತಃ ಕರ್ನಾಟಕ ಹೈಕೋರ್ಟಿನವರು. ವೈದ್ಯರು ಬರೆಯುವ ಊನದ ಶೇಕಡಾವಾರು ಬೇರೆ, ಆ ಊನ ದುಡಿಮೆಗೆ ಹಾಕುವ ಪೆಟ್ಟು ಬೇರೆ ಎಂದು ಅವರು ಬಿಡಿಸಿ ಹೇಳಿದರು. ಎಡಗೈ ಹೋದರೆ ಗುಮಾಸ್ತನ ನೌಕರಿ ಉಳಿಯಬಹುದು. ಡ್ರೈವರನಿಗೋ ಬಡಗಿಗೋ ಕಸುಬೇ ಮುಗಿಯುತ್ತದೆ. ಆದವಾನಿಯ ಹಮಾಲನೊಬ್ಬನಿಗೆ ವಯಸ್ಸು 34, ತಿಂಗಳಿಗೆ 10,000 ರೂಪಾಯಿ ದುಡಿಮೆ, ಕಾಲಿನ ಪೆಟ್ಟಿನಿಂದ ದುಡಿಮೆಯ ಶಕ್ತಿ ಶೇ. 40ರಷ್ಟು ಕುಗ್ಗಿತು ಎಂದಿಟ್ಟುಕೊಳ್ಳಿ. ಆ ವಯಸ್ಸಿಗೆ ಗುಣಕ 16. ವರ್ಷದ 1,20,000ವನ್ನು 16ರಿಂದ ಗುಣಿಸಿ ಅದರ ಶೇ. 40 ತೆಗೆದರೆ 7,68,000. ಮುಂದೆ ದುಡಿಮೆ ಬೆಳೆಯಬಹುದಿತ್ತು ಎಂಬುದಕ್ಕೆ 40ರೊಳಗಿನ ಸ್ವಂತ ದುಡಿಮೆಯವರಿಗೆ ಶೇ. 40 ಸೇರಿಸಿದರೆ 10,75,200. ಆಸ್ಪತ್ರೆ ಖರ್ಚು, ಮಲಗಿದ್ದ ತಿಂಗಳುಗಳ ಕೂಲಿ, ನೋವು, ನೋಡಿಕೊಂಡವರ ಖರ್ಚು ಇವೆಲ್ಲ ಇದರ ಮೇಲೆ. ಹಮಾಲನ ಕಾಲಿಗೆ ಶೇ. 40 ಸಾಲದು, ಹೊರುವ ಕಸುಬಿಗೆ ಅದು ಪೂರ್ತಿ ನಷ್ಟ ಎಂದು ವಾದಿಸಲೂ 2010ರ ತೀರ್ಪು ದಾರಿ ಕೊಡುತ್ತದೆ.

ದುಡಿಮೆಗೆ ಪುರಾವೆ ಎಲ್ಲಿ? ಕೂಲಿಯವನಿಗೆ ಸಂಬಳದ ಚೀಟಿ ಇರುವುದಿಲ್ಲ. 2011ರಲ್ಲಿ ಬೆಂಗಳೂರಿನ ಒಬ್ಬ ಕೂಲಿಯ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ತಿಂಗಳಿಗೆ 4,500 ಎಂದು ಅವನು, 3,000 ಎಂದು ಕೆಳಗಿನ ಕೋರ್ಟುಗಳು. ಕೂಲಿಯವರು ಕಾಗದ ತೋರಿಸಲಾರರು, ಅವರು ಹೇಳಿದ್ದು ನಂಬುವಂತಿದ್ದರೆ ಒಪ್ಪಬೇಕು ಎಂದು ಸುಪ್ರೀಂ ಕೋರ್ಟ್ 4,500ನ್ನೇ ಹಿಡಿಯಿತು. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಎಚ್.ಎಲ್. ದತ್ತು ಕೂಡ ಕರ್ನಾಟಕದವರು.

ಸರ್ಕಾರಿ ಬಸ್ಸು ಬಡಿದರೆ ವಿಮಾ ಕಂಪನಿಯನ್ನು ಹುಡುಕಬೇಕಾಗಿಲ್ಲದಿರಬಹುದು. ಸ್ವಂತ ನಿಧಿ ಇಟ್ಟ ನಿಗಮಗಳಿಗೆ ವಿಮೆಯಿಂದ ವಿನಾಯಿತಿ ಸಿಗುತ್ತದೆ, ಹಣ ನಿಗಮವೇ ಕೊಡಬೇಕು. ಕೊಡದಿದ್ದರೆ ಏನಾಗುತ್ತದೆಂದು ಕರ್ನಾಟಕದ ಪತ್ರಿಕೆ ಓದುವವರಿಗೆ ಗೊತ್ತು: ಅಮೀನ ಬಂದು ಬಸ್ಸನ್ನೇ ಜಪ್ತಿ ಮಾಡುತ್ತಾನೆ.

ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಪರಿಹಾರಕ್ಕೆ ಸಂಬಂಧಿಸಿದ ಭಾಗ 2022ರ ಏಪ್ರಿಲ್ 1ರಂದು ಜಾರಿಗೆ ಬಂತು. ಮೂರು ದಿನ ಬಿಟ್ಟು, ಏಪ್ರಿಲ್ 4ರಂದು, ಕರ್ನೂಲು ಜಿಲ್ಲೆ ಒಡೆದು ನಂದ್ಯಾಲ ಬೇರೆಯಾಯಿತು. ಜಿಲ್ಲೆ ಒಡೆದದ್ದು ಎಲ್ಲರಿಗೂ ಗೊತ್ತಾಯಿತು, ಕಾನೂನು ಬದಲಾದದ್ದು ಗೊತ್ತಾಗಲಿಲ್ಲ. ತಪ್ಪು ಯಾರದೆಂದು ಕೇಳದೆ ಕೊಡುವ ಮೊತ್ತ ಸಾವಿಗೆ 5 ಲಕ್ಷಕ್ಕೂ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷಕ್ಕೂ ಏರಿತು. ಗುದ್ದಿ ಓಡಿದ ಗಾಡಿ ಸಿಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. ಇದಕ್ಕೆ ಕೋರ್ಟಿಗೆ ಹೋಗಬೇಕಿಲ್ಲ. ಅರ್ಜಿ ವಿಚಾರಿಸುವುದು ಕಂದಾಯ ಇಲಾಖೆಯ ಅಧಿಕಾರಿ, ಮಂಜೂರು ಮಾಡುವುದು ಜಿಲ್ಲಾಧಿಕಾರಿ. ಇಷ್ಟೆಲ್ಲ ಕೊಟ್ಟ ಕೈಯೇ ಇನ್ನೊಂದನ್ನು ಕಿತ್ತುಕೊಂಡಿತು. ಗಡಿಯಾರ ವಾಪಸು ಬಂತು: ಆರು ತಿಂಗಳೊಳಗೆ ನ್ಯಾಯಮಂಡಳಿಗೆ ಅರ್ಜಿ. 1956ರ 60 ದಿನಕ್ಕೂ ತಡವನ್ನು ಮನ್ನಿಸುವ ಕಿಂಡಿ ಇತ್ತು, 2022ರ ಆರು ತಿಂಗಳಿಗೆ ಅದೂ ಇಲ್ಲ. ಗುಳೆ ಹೋದವನಿಗೆ ಆರು ತಿಂಗಳು ಎಂದರೆ ಒಂದು ಹಂಗಾಮು. ಈ ಕಲಮನ್ನು ಬರೆದವರು ಕೋಸಿಗಿಯ ಸ್ಟೇಷನ್ನಿನಲ್ಲಿ ಒಂದು ರಾತ್ರಿ ಕಳೆದಿದ್ದರೆ ಹೀಗೆ ಬರೆಯುತ್ತಿರಲಿಲ್ಲ.

ಗಡುವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋದವು. ಅವು ಇತ್ಯರ್ಥವಾಗುವವರೆಗೆ ಕಾಲ ಮೀರಿತೆಂಬ ಕಾರಣಕ್ಕೆ ಯಾರ ಅರ್ಜಿಯನ್ನೂ ವಜಾ ಮಾಡಬೇಡಿ ಎಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಬಂತು. ಮಧ್ಯಂತರ ಎಂಬ ಪದವನ್ನು ಮರೆಯುವ ಹಾಗಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಎರಡು ಸಂಗತಿ ನಡೆದವು. ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿ ಮಿತಿಯೊಳಗೆ, ಕೈಯಿಂದ ಹಣ ಕಟ್ಟದೆ ಚಿಕಿತ್ಸೆ ಕೊಡುವ ಯೋಜನೆ ಜಾರಿಯಾಯಿತು. ನಡೆಯಲು ಫುಟ್‌ಪಾತ್ ಇರಬೇಕೆಂಬುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ ಹೇಳಿತು.

ಪೊಲೀಸರ ಕೆಲಸವೂ ಬದಲಾಗಿದೆ. ಅಪಘಾತದ ಮೊದಲ ವರದಿ 48 ಗಂಟೆಯೊಳಗೆ, ವಿವರವಾದ ವರದಿ 90 ದಿನದೊಳಗೆ ನ್ಯಾಯಮಂಡಳಿಗೆ ಹೋಗಬೇಕು, ಆ ವರದಿಯನ್ನೇ ಅರ್ಜಿಯೆಂದು ನಡೆಸಬಹುದು ಎಂಬ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಿ ಎಂದು 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತಾಕೀತು ಮಾಡಿದೆ. ಹಾಗೆಂದು ಪೊಲೀಸರ ಮೇಲೆ ಭಾರ ಹಾಕಿ ಕೂರಬೇಡಿ.

ಗುಳೆ ಹೊರಡುವವರು ನಿಮ್ಮ ಓಣಿಯಲ್ಲಿದ್ದರೆ ಇಷ್ಟು ಹೇಳಿ ಕಳಿಸಿ. ಪೆಟ್ಟಾದರೆ ಗಾಡಿಯ ನಂಬರು ಬರೆದುಕೊಳ್ಳಿ, ಆಗದಿದ್ದರೆ ಫೋನಿನಲ್ಲಿ ಹಿಡಿದುಕೊಳ್ಳಿ. ಆಸ್ಪತ್ರೆಯಲ್ಲಿ ಬಿದ್ದೆ ಎನ್ನಬೇಡಿ, ಗಾಡಿ ಬಡಿಯಿತು ಎಂದೇ ಬರೆಸಿ. ಎಫ್‌ಐಆರ್ ಪ್ರತಿ, ಗಾಯದ ಸರ್ಟಿಫಿಕೇಟು, ಔಷಧಿ ಅಂಗಡಿಯ ಚೀಟಿ ಒಂದನ್ನೂ ಬಿಸಾಡಬೇಡಿ. ಎರಡೂವರೆ ಲಕ್ಷಕ್ಕೆ ಈಗಲೇ ಸಹಿ ಹಾಕಿ ಎಂದು ಯಾರಾದರೂ ಮನೆಗೆ ಬಂದರೆ ವಕೀಲರನ್ನು ಕೇಳದೆ ಹಾಕಬೇಡಿ, ಅದನ್ನು ಒಪ್ಪಿಕೊಂಡರೆ ನ್ಯಾಯಮಂಡಳಿಯ ದೊಡ್ಡ ಅರ್ಜಿ ಬಿದ್ದುಹೋಗುತ್ತದೆ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕಾನೂನು ನೆರವಿಗೆ 15100ಕ್ಕೆ ಫೋನು ಮಾಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಲೆಕ್ಕ ಕೇಳದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಪೆಟ್ಟು ಬಿದ್ದ ತಾರೀಕಿನಿಂದ ಆರು ತಿಂಗಳು ಎಣಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿಡಿ.